ಎನ್100 ನ್ಯಾಸ್ ಬೋರ್ಡ್: ಡಿಸ್ಕ್ ತುಂಬುವ ಮೊದಲು ಮಾಡಲೇಬೇಕಾದ ಪರೀಕ್ಷೆ

ಮನೆಯ ಫೋಟೊ, ವಿಡಿಯೊ, ಬ್ಯಾಕಪ್ ಎಲ್ಲ ಒಂದೇ ಕಡೆ ಇಡಲು ನ್ಯಾಸ್, ಅಂದರೆ ಮನೆಯ ನೆಟ್‌ವರ್ಕಿನಲ್ಲಿ ಕಡತ ಹಂಚುವ ಸರ್ವರ್ ಕಟ್ಟಿಕೊಳ್ಳುವವರ ಕಣ್ಣು ಈಗ ಇಂಟೆಲ್ ಎನ್100 ಪ್ರೊಸೆಸರ್ ಇರುವ ಮಿನಿ-ಐಟಿಎಕ್ಸ್ ಬೋರ್ಡುಗಳ ಮೇಲಿದೆ. 17 ಸೆಂ.ಮೀ. ಚೌಕದ ಬೋರ್ಡಿನಲ್ಲಿ ಡಿಸ್ಕ್ ಜೋಡಿಸಲು ಆರು ಸಾಟಾ ಪೋರ್ಟ್, ನಾಲ್ಕು 2.5 ಗಿಗಾಬಿಟ್ ಈಥರ್ನೆಟ್, ಪುಟ್ಟ ಎಸ್‌ಎಸ್‌ಡಿಗೆ ಎರಡು ಎಂ.2 ಸ್ಲಾಟ್, ರ‍್ಯಾಮ್‌ಗೆ ಒಂದು ಡಿಡಿಆರ್5 ಸೋಡಿಮ್ ಸ್ಲಾಟ್, ಮೇಲೊಂದು ಹೆಚ್ಚುವರಿ ಕಾರ್ಡ್ ಹಾಕುವ ಪಿಸಿಐಇ ಸ್ಲಾಟ್. ಪ್ರೊಸೆಸರ್ ಬೋರ್ಡಿಗೇ ಬೆಸೆದು ಬರುತ್ತದೆ. ಹೆಚ್ಚುಕಡಿಮೆ ಇದೇ ವಿನ್ಯಾಸ ಬೇರೆಬೇರೆ ಹೆಸರಿನಲ್ಲಿ, ಕೆಲವೊಮ್ಮೆ ಹೆಸರೇ ಇಲ್ಲದೆ ಮಾರಾಟವಾಗುತ್ತದೆ. ಅಲಿಎಕ್ಸ್‌ಪ್ರೆಸ್ ಎಂಬ ಚೀನಾದ ಶಾಪಿಂಗ್ ಆ್ಯಪ್ 2020ರ ನವೆಂಬರಿನಲ್ಲೇ ಭಾರತದಲ್ಲಿ ಬಂದ್ ಆಗಿರುವುದರಿಂದ ನಮಗೆ ಇದು ಮಧ್ಯವರ್ತಿಗಳ ಕೈದಾಟಿಯೇ ಬರುವುದು. ಆಗ ವಾರಂಟಿ ಅಂದರೆ ವಾಪಸಾತಿಯ ಆ ಕೆಲವೇ ದಿನ. ಹಾಗಾಗಿ ಬೋರ್ಡ್ ಕೈಗೆ ಬಂದ ದಿನವೇ ಪರೀಕ್ಷೆ ಶುರುವಾಗಬೇಕು.

ಮೊದಲು ಲೆಕ್ಕ. ಎನ್100ರಲ್ಲಿ ನಾಲ್ಕು ಕೋರ್, 6 ಎಂಬಿ ಕ್ಯಾಷ್, ಒಂದೇ ಮೆಮೊರಿ ಚಾನೆಲ್. ಕಡತ ಹಂಚುವುದು, ವಿಡಿಯೊ ಟ್ರಾನ್ಸ್‌ಕೋಡ್, ನಾಲ್ಕಾರು ಕಂಟೇನರ್ ಇವಕ್ಕೆಲ್ಲ ಧಾರಾಳ ಸಾಕು, ಆ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಬಿಗಿ ಇರುವುದು ಪಿಸಿಐಇ ಲೇನ್‌ಗಳಲ್ಲಿ. ಪ್ರೊಸೆಸರಿನಿಂದ ಉಳಿದ ಚಿಪ್ಪುಗಳಿಗೆ ಡೇಟಾ ಹೋಗಿಬರುವ ದಾರಿಗಳಿವು. ಮೂರನೇ ತಲೆಮಾರಿನ (ಜೆನ್3) ಲೇನ್ ಒಟ್ಟು ಒಂಬತ್ತು. ನಾಲ್ಕು ನೆಟ್‌ವರ್ಕ್ ಚಿಪ್‌ಗೆ ನಾಲ್ಕು, ಸಾಟಾ ಚಿಪ್‌ಗೆ ಎರಡು, ಎರಡು ಎಂ.2ಗೆ ಒಂದೊಂದು, ಪಿಸಿಐಇ ಸ್ಲಾಟಿಗೆ ಒಂದು: ಅಲ್ಲಿಗೆ ಒಂಬತ್ತೂ ಮುಗಿದವು. ಇದರ ಮೇಲೆ ಆರನೆಯ ಸಾಟಾ ಪೋರ್ಟ್ ಪ್ರೊಸೆಸರಿನಿಂದಲೇ ನೇರ ಬಂದಿದ್ದರೆ ಅದೂ ಇದೇ ಗಂಟಿನಿಂದ ಒಂದು ಪಾಲು ಕೇಳುತ್ತದೆ. ಅಂದರೆ ಎಲ್ಲೋ ಒಂದು ಕಡೆ ಕತ್ತರಿ ಬಿದ್ದೇ ಇರುತ್ತದೆ. ಎಲ್ಲಿ ಅಂತ ಜಾಹೀರಾತು ಹೇಳುವುದಿಲ್ಲ.

ತಿಳಿಯುವುದು ಸುಲಭ. ಯಾವುದಾದರೂ ಲೈವ್ ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ರೂಟ್ ಆಗಿ ‘ಎಲ್‌ಎಸ್‌ಪಿಸಿಐ’ ಕಮಾಂಡನ್ನು ಎರಡು ‘ವಿ’ ಆಯ್ಕೆಯೊಂದಿಗೆ ಓಡಿಸಿ. ಸಾಟಾ ಕಂಟ್ರೋಲರಿನ ಕೆಳಗೆ ಲಿಂಕ್ ಕ್ಯಾಪೆಬಿಲಿಟಿ (LnkCap), ಲಿಂಕ್ ಸ್ಟೇಟಸ್ (LnkSta) ಅಂತ ಎರಡು ಸಾಲು ಬರುತ್ತವೆ. ಮೊದಲನೆಯದು ಚಿಪ್‌ನ ಶಕ್ತಿ, ಎರಡನೆಯದು ಈ ಬೋರ್ಡಿನಲ್ಲಿ ಅದಕ್ಕೆ ನಿಜವಾಗಿ ಸಿಕ್ಕಿದ್ದು. ಬಹಳ ಬೋರ್ಡುಗಳಲ್ಲಿರುವ ಜೆಎಂಬಿ585 ಚಿಪ್ ಎರಡು ಲೇನಿನದು, ಐದು ಪೋರ್ಟ್ ಕೊಡುತ್ತದೆ. ಸ್ಟೇಟಸ್ ಸಾಲಿನಲ್ಲಿ ‘8 ಜಿಟಿ, ಅಗಲ ಎಕ್ಸ್2’ ಅಂತಿದ್ದರೆ ಸರಿ. ‘ಎಕ್ಸ್1’ ಅಂತಿದ್ದರೆ ಐದು ಡಿಸ್ಕಿಗೂ ಸೇರಿ ಸೆಕೆಂಡಿಗೆ ಸುಮಾರು 850 ಎಂಬಿ ಅಷ್ಟೇ ದಾರಿ. ವೇಗ 8ರ ಬದಲು 5 ಅಥವಾ 2.5 ತೋರಿಸಿದರೆ ಮೊದಲು ಬಯಾಸ್‌ನಲ್ಲಿ ಆ ಪೋರ್ಟಿನ ವೇಗವನ್ನು ಜೆನ್3ಗೆ ಕಟ್ಟಿ ನೋಡಿ. ಆಗಲೂ ಏರದಿದ್ದರೆ ಬೋರ್ಡ್ ವಾಪಸು ಕಳಿಸುವುದೇ ಒಳ್ಳೆಯದು.

ಎಕ್ಸ್1 ಸಿಕ್ಕರೆ ಎಷ್ಟು ನಷ್ಟ? ಈಗಿನ 7200 ಆರ್‌ಪಿಎಂ ಡಿಸ್ಕ್ ಹೊರ ಅಂಚಿನಲ್ಲಿ ಸೆಕೆಂಡಿಗೆ 250 ಎಂಬಿ ಆಸುಪಾಸು ಓದುತ್ತದೆ, ಐದಕ್ಕೆ 1250. ದಾರಿ 850ರದ್ದಾದರೆ ತಲಾ 170 ಬರುತ್ತದೆ. ಆದರೆ ಒಳ ಅಂಚಿಗೆ ಬರುವಷ್ಟರಲ್ಲಿ ಡಿಸ್ಕಿನ ವೇಗವೇ ಅರ್ಧದ ಹತ್ತಿರಕ್ಕೆ ಇಳಿದಿರುತ್ತದೆ, ಅಲ್ಲಿ ಈ ಅಡ್ಡಿ ಗೊತ್ತೇ ಆಗುವುದಿಲ್ಲ. 2.5 ಗಿಗಾಬಿಟ್ ನೆಟ್‌ವರ್ಕಿನಲ್ಲಿ ಕಡತ ಸಾಗುವುದೇ ಸುಮಾರು 280 ಎಂಬಿಯಲ್ಲಿ, ಆದ್ದರಿಂದ ದಿನದ ಬಳಕೆಗೂ ತೊಂದರೆಯಿಲ್ಲ. ಬಿಸಿ ತಟ್ಟುವುದು ಸ್ಕ್ರಬ್ (ಇರುವ ಡೇಟಾ ಎಲ್ಲ ಓದಿ ತಪ್ಪು ಹುಡುಕುವುದು) ಮತ್ತು ರೀಬಿಲ್ಡ್ ವೇಳೆ. ಕೆಟ್ಟ ಡಿಸ್ಕಿನ ಜಾಗಕ್ಕೆ ಹೊಸದು ಹಾಕಿ ಉಳಿದವನ್ನೆಲ್ಲ ಓದಿಸುವಾಗ ಕೆಲಸ ಗಂಟೆಗಟ್ಟಲೆ ಎಳೆಯುತ್ತದೆ. ಡೇಟಾ ಅತಿ ಅಪಾಯದಲ್ಲಿರುವ ಹೊತ್ತೂ ಅದೇ. ಮೂರು ಡಿಸ್ಕಿನ ಮನೆಗೆ ಎಕ್ಸ್1 ನಡೆಯುತ್ತದೆ, ಆರು ಹಾಕುವವರು ಒಪ್ಪಿಕೊಳ್ಳಬೇಡಿ.

ಇದಕ್ಕೂ ಮೊದಲು ಸ್ಕ್ರೂಡ್ರೈವರ್ ಕೆಲಸ ಒಂದಿದೆ. ಹೀಟ್‌ಸಿಂಕಿನ ಸ್ಕ್ರೂ ಬಿಚ್ಚಿ ಪೇಸ್ಟಿನ ಗುರುತು ನೋಡಿ. ಚಿಪ್‌ನ ಹೊಳಪಿನ ಭಾಗದ ಮೇಲೆಲ್ಲ ತೆಳ್ಳಗೆ, ಒಂದೇ ಸಮ ಅಂಟಿದ ಅಚ್ಚು ಇರಬೇಕು. ಒಂದು ಮೂಲೆ ಒಣಗಿದ್ದರೆ, ಇಲ್ಲವೆ ಒಂದು ಕಡೆ ದಪ್ಪ ಇನ್ನೊಂದು ಕಡೆ ಬರಿದು ಇದ್ದರೆ ಸಿಂಕ್ ಓರೆಯಾಗಿ ಕೂತಿದೆ ಎಂದರ್ಥ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹೆಸರುಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಸ್ಕ್ರೂಗಳನ್ನು ಎದುರುಬದುರು ಮೂಲೆಯ ಕ್ರಮದಲ್ಲಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಸಾಟಾ ಚಿಪ್‌ನ ಪುಟ್ಟ ಸಿಂಕನ್ನೂ ಬೆರಳಿನಿಂದ ಮೆಲ್ಲಗೆ ಅಲುಗಿಸಿ ನೋಡಿ. ಆ ಚಿಪ್ ಕಾದರೆ ಐದೂ ಡಿಸ್ಕ್ ಒಟ್ಟಿಗೆ ಮಾಯವಾಗುತ್ತವೆ.

ಮೊದಲ ಬೂಟ್‌ಗೆ ರ‍್ಯಾಮ್, ಮಾನಿಟರ್, ಕೀಬೋರ್ಡ್ ಬಿಟ್ಟು ಬೇರೇನೂ ಬೇಡ. ಡಿಡಿಆರ್5 ಮೊದಲ ಸಲ ಮೆಮೊರಿ ಟ್ರೈನಿಂಗ್ ಮಾಡುವಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಬೋರ್ಡ್ ಸತ್ತಿದೆ ಅಂದುಕೊಂಡು ನಡುವೆ ಪವರ್ ತೆಗೆದರೆ ಟ್ರೈನಿಂಗ್ ಮತ್ತೆ ಮೊದಲಿನಿಂದ. ಐದು ನಿಮಿಷ ಕಾಯಿರಿ. ಆಮೇಲೆ ಮೆಮ್‌ಟೆಸ್ಟ್86+ ರಾತ್ರಿಯಿಡೀ ಓಡಲಿ, ಕನಿಷ್ಠ ನಾಲ್ಕು ಸುತ್ತು. ಒಂದೇ ಒಂದು ತಪ್ಪು ಬಂದರೂ ಆ ರ‍್ಯಾಮ್ ಬೇಡ. ಈ ಬೋರ್ಡಿಗೆ ಇಸಿಸಿ (ತಪ್ಪನ್ನು ತಾನೇ ತಿದ್ದುವ) ಮೆಮೊರಿ ಹಾಕಲು ಬರುವುದಿಲ್ಲ. ಡಿಡಿಆರ್5 ಚಿಪ್‌ಗಳ ಒಳಗಿನ ತಿದ್ದುಪಡಿ ಚಿಪ್‌ನೊಳಗಿನ ತಪ್ಪನ್ನಷ್ಟೇ ನೋಡಿಕೊಳ್ಳುತ್ತದೆ, ಅಲ್ಲಿಂದ ಪ್ರೊಸೆಸರಿನವರೆಗಿನ ದಾರಿಗೆ ಅದರ ಕಾವಲಿಲ್ಲ. ಇಂಟೆಲ್ ಹೇಳುವ ಗರಿಷ್ಠ ಮಿತಿ 16 ಜಿಬಿ. 32 ಜಿಬಿ ಸ್ಟಿಕ್ ಓಡಿಸುವವರು ಬಹಳ ಮಂದಿ ಇದ್ದಾರೆ, ಆದರೆ ಮನೆಯ ನ್ಯಾಸ್‌ಗೆ 16 ಸಾಕು.

ಡಿಸ್ಕ್ ಪರೀಕ್ಷೆಯನ್ನು ಒಂದೊಂದಾಗಿ ಮಾಡಿದರೆ ಬೋರ್ಡಿನ ಗುಣ ತಿಳಿಯದು. ಎಲ್ಲ ಪೋರ್ಟಿಗೂ ಡಿಸ್ಕ್ ಹಾಕಿ, ಪ್ರತಿ ಡಿಸ್ಕಿನ ಸ್ಮಾರ್ಟ್ (ಡಿಸ್ಕ್ ತಾನೇ ಬರೆದಿಡುವ ಆರೋಗ್ಯದ ದಾಖಲೆ) ಪಟ್ಟಿಯ 199ನೇ ಸಾಲನ್ನು, ಅಂದರೆ ಸಿಆರ್‌ಸಿ ಎರರ್ (ಸಾಗುವ ದಾರಿಯಲ್ಲಿ ಡೇಟಾ ಕೆಟ್ಟ ಸಲ) ಎಣಿಕೆಯನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಡಿಸ್ಕ್ ದುಡಿಸುವ ತಂತ್ರಾಂಶ ‘ಎಫ್‌ಐಒ’ದಿಂದ ಎಲ್ಲವನ್ನೂ ಒಟ್ಟಿಗೆ, ಓದುವ ಕೆಲಸ ಮಾತ್ರ ಕೊಟ್ಟು ಒಂದೆರಡು ಗಂಟೆ ಓಡಿಸಿ. ಕೊನೆಗೆ 199 ಏರಿದ್ದರೆ ಡಿಸ್ಕ್ ಕೆಟ್ಟಿದೆ ಅಂತ ಹೌಹಾರಬೇಡಿ, ಅದು ಸಾಮಾನ್ಯವಾಗಿ ದಾರಿಯ ದೋಷ. ಎರಡು ಡಿಸ್ಕಿನ ಕೇಬಲ್ ಅದಲುಬದಲು ಮಾಡಿ ಮತ್ತೆ ಓಡಿಸಿ. ದೋಷ ಕೇಬಲ್ ಜೊತೆ ಹೋದರೆ ಕೇಬಲ್ ಎಸೆಯಿರಿ, ಪೋರ್ಟಿನಲ್ಲೇ ಉಳಿದರೆ ಬೋರ್ಡಿನ ಪೋರ್ಟ್ ಸರಿಯಿಲ್ಲ. ಎಣಿಕೆ ಎಂದೂ ಸೊನ್ನೆಗೆ ಮರಳುವುದಿಲ್ಲವಾದ್ದರಿಂದ ಏರುತ್ತಿದೆಯೇ ಎಂಬುದಷ್ಟೇ ಮುಖ್ಯ. ಬೋರ್ಡಿನ ಜೊತೆ ಬರುವ ತೆಳು ಕೇಬಲ್‌ಗಳನ್ನು ಪರೀಕ್ಷೆಗೂ ಬಳಸದೆ, ಲಾಕ್ ಇರುವ ಕೇಬಲ್ ಬೇರೆ ತಂದರೆ ಈ ಗೋಳು ಬಹುಪಾಲು ತಪ್ಪುತ್ತದೆ.

ನೆಟ್‌ವರ್ಕ್‌ಗೆ ವೇಗ ಅಳೆಯುವ ಐಪರ್ಫ್3 ಸಾಕು. ನಾಲ್ಕೂ ಪೋರ್ಟಿನಲ್ಲಿ, ಎರಡೂ ದಿಕ್ಕಿನಲ್ಲಿ ತಲಾ ಒಂದು ಗಂಟೆ. 2.35 ಗಿಗಾಬಿಟ್ ಬಂದರೆ ಪೂರ್ತಿ ಬಂದ ಹಾಗೆ, ಉಳಿದದ್ದು ಹೆಡರ್‌ಗಳ ಪಾಲು. ನೆಟ್‌ವರ್ಕ್ ಚಿಪ್ ಇಂಟೆಲ್ ಐ226-ವಿ ಹೌದೇ ಎಂದೂ ನೋಡಿ. ಹಿಂದಿನ ಐ225-ವಿಯ ಮೊದಲ ಆವೃತ್ತಿಗಳಲ್ಲಿ ಪ್ಯಾಕೆಟ್‌ಗಳ ನಡುವಣ ಅಂತರದ ದೋಷವಿತ್ತು. ಐ226ರಲ್ಲಿ ಲಿಂಕ್ ಆಗಾಗ ಬಿದ್ದು ಎದ್ದರೆ ಕರ್ನಲ್ ಲಾಗಿನಲ್ಲಿ ಕಾಣುತ್ತದೆ. ‘ಈಥ್‌ಟೂಲ್’ನಿಂದ ವಿದ್ಯುತ್ ಉಳಿತಾಯದ ಇಇಇ ಆಫ್ ಮಾಡಿದರೆ ಬಹಳ ಸಲ ಅಲ್ಲಿಗೇ ಸರಿಹೋಗುತ್ತದೆ.

ಕರೆಂಟಿನ ಲೆಕ್ಕ ಬೇರೆಯೇ. ಒಂದು ವ್ಯಾಟ್ ವರ್ಷವಿಡೀ ಉರಿದರೆ 8.76 ಯೂನಿಟ್. ಡಿಸ್ಕ್ ಇಲ್ಲದೆ ಸುಮ್ಮನೆ ಕೂತ ಬೋರ್ಡ್ ಎಟಿಎಕ್ಸ್ ಪವರ್ ಸಪ್ಲೈ ಜೊತೆ ಗೋಡೆಯ ಪ್ಲಗ್ಗಿನಿಂದ 15ರಿಂದ 20 ವ್ಯಾಟ್ ಎಳೆಯಬಹುದು, ತಿರುಗುತ್ತಿರುವ ಪ್ರತಿ ಡಿಸ್ಕಿಗೆ ಮತ್ತೆ ಐದರ ಹತ್ತಿರ. ಐದು ಡಿಸ್ಕ್ ಹಾಕಿ 45 ವ್ಯಾಟ್ ಆಯಿತೆನ್ನಿ, ತಿಂಗಳಿಗೆ 32 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಅಂಚಿನಲ್ಲಿರುವ ಮನೆಗೆ ಇಷ್ಟೇ ಸಾಕು, ಗೆರೆ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಜೆಎಂಬಿ585 ಇರುವ ಬೋರ್ಡಿನಲ್ಲಿ ಪ್ರೊಸೆಸರ್ ಆಳದ ನಿದ್ದೆಗೆ ಜಾರುವುದು ಕಷ್ಟ. ‘ಪವರ್‌ಟಾಪ್’ನಲ್ಲಿ ಪ್ಯಾಕೇಜ್ ಸ್ಥಿತಿ ಸಿ3 ಆಸುಪಾಸೇ ನಿಂತಿರುವುದು ಕಾಣುತ್ತದೆ. ಎಎಸ್‌ಎಂ1166 ಚಿಪ್ ಇರುವ ಬೋರ್ಡ್ ಸಿಕ್ಕರೆ ಹೊಸ ಫರ್ಮ್‌ವೇರ್ ಜೊತೆ ಇನ್ನೂ ಆಳಕ್ಕೆ ಇಳಿದು ಕೆಲವು ವ್ಯಾಟ್ ಉಳಿಸುತ್ತದೆ. ಎರಡೂ ಒಂದೇ ಬೆಲೆಗೆ ಇದ್ದರೆ ಎಎಸ್‌ಎಂ1166 ತಗೊಳ್ಳಿ.

ಪವರ್ ಸಪ್ಲೈ ಆರಿಸುವಾಗ ಸರಾಸರಿ ನೋಡಬೇಡಿ, ಮೊದಲ ಹತ್ತು ಸೆಕೆಂಡ್ ನೋಡಿ. 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪ್ ಎಳೆಯುತ್ತದೆ. ಆರು ಒಟ್ಟಿಗೆ ಎದ್ದರೆ 12 ಆಂಪ್, ಅಂದರೆ 144 ವ್ಯಾಟ್ ಡಿಸ್ಕಿಗೇ. 12 ವೋಲ್ಟ್ ಸಾಲಿನಲ್ಲಿ 20 ಆಂಪ್ ಇರುವ 300 ವ್ಯಾಟಿನ ಒಳ್ಳೆಯ ಸಪ್ಲೈ ಸಾಕು. 750 ವ್ಯಾಟಿನದು ಹಾಕಿದರೆ 30 ವ್ಯಾಟ್ ಹೊರೆಯಲ್ಲಿ ಅದರ ದಕ್ಷತೆ ಕುಸಿಯುತ್ತದೆ. ಒಂದು ಮೊಲೆಕ್ಸ್‌ನಿಂದ ಆರು ಸಾಟಾ ಪವರ್ ಎಳೆಯುವ ಸ್ಪ್ಲಿಟರ್ ಬೇಡವೇ ಬೇಡ, ಆ ಪಿನ್‌ಗಳು ಕಾದು ಕರಗುತ್ತವೆ.

ಬಿಸಿಲಿನ ಪರೀಕ್ಷೆಯೂ ಆಗಲಿ. ಜನವರಿಯ ಮಡಿಕೇರಿಯಲ್ಲಿ ಪಾಸಾದ ಬೋರ್ಡ್ ಮೇ ತಿಂಗಳ ಕಲಬುರಗಿಯಲ್ಲಿ ಪಾಸಾಗುತ್ತದೆ ಅಂತಿಲ್ಲ. ಕೇಸ್ ಮುಚ್ಚಿ, ಪ್ರೊಸೆಸರನ್ನು ಪೂರ್ತಿ ದುಡಿಸುವ ‘ಸ್ಟ್ರೆಸ್-ಎನ್‌ಜಿ’ ಒಂದು ಗಂಟೆ ಓಡಿಸಿ, ಡಿಸ್ಕ್‌ಗಳೂ ದುಡಿಯುತ್ತಿರಲಿ. ಪ್ರೊಸೆಸರ್ ತಾಳುವ ಮಿತಿ 105 ಡಿಗ್ರಿ ಇದೆ. 80ರೊಳಗೆ ನಿಂತರೆ ನಿಶ್ಚಿಂತೆ, 95 ಮುಟ್ಟಿದರೆ ಮೇಲೊಂದು 120 ಎಂಎಂ ಫ್ಯಾನ್ ಬೇಕು. ಎಷ್ಟೋ ಬೋರ್ಡುಗಳ ಬಯಾಸ್ ಪವರ್ ಮಿತಿಯನ್ನು ಇಂಟೆಲ್‌ನ 6 ವ್ಯಾಟಿಗಿಂತ ಬಹಳ ಮೇಲೆ ಬಿಟ್ಟಿರುತ್ತದೆ. ಪಿಎಲ್1 ಅನ್ನು (ಸತತ ಬಳಕೆಯ ಪವರ್ ಮಿತಿ) 10 ವ್ಯಾಟಿಗೆ ಇಳಿಸಿದರೂ ನ್ಯಾಸ್ ಕೆಲಸದಲ್ಲಿ ವ್ಯತ್ಯಾಸ ತಿಳಿಯದು.

ಕೊನೆಯದು ಪ್ಲಗ್ ಕೀಳುವ ಪರೀಕ್ಷೆ, ನಮ್ಮಲ್ಲಿ ಇದನ್ನು ಬಿಡುವಂತಿಲ್ಲ. ಮನೆಯ ಇನ್ವರ್ಟರ್ ಮೇಲೆ ಸರ್ವರ್ ಇಡುವುದಾದರೆ ಅದನ್ನು ಯುಪಿಎಸ್ ಮೋಡಿಗೆ ಹಾಕಿರಬೇಕು. ಮಾಮೂಲಿ ಮೋಡಿನಲ್ಲಿ ಬದಲಾಗಲು ಹಿಡಿಯುವ ಹೊತ್ತನ್ನು ಪವರ್ ಸಪ್ಲೈ ತಾಳದೆ ಸರ್ವರ್ ರೀಸ್ಟಾರ್ಟ್ ಆಗುತ್ತದೆ. ಇನ್ವರ್ಟರ್ ಬ್ಯಾಟರಿ ಮುಗಿಯುತ್ತಿದೆ ಅಂತ ಸರ್ವರಿಗೆ ತಿಳಿಸುವ ತಂತಿಯೂ ಇರುವುದಿಲ್ಲ. ಯುಎಸ್‌ಬಿ ಇರುವ ಪುಟ್ಟ ಯುಪಿಎಸ್ ನಡುವೆ ಇಟ್ಟು ‘ನಟ್’ ತಂತ್ರಾಂಶ ಹಾಕಿದರೆ ಸರ್ವರ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಬಯಾಸ್‌ನಲ್ಲಿ ‘ಸ್ಟೇಟ್ ಆಫ್ಟರ್ ಜಿ3’ ಆಯ್ಕೆಯನ್ನು ಎಸ್0ಗೆ ಹಾಕಿ, ಕರೆಂಟ್ ಮರಳಿದಾಗ ಸರ್ವರ್ ತಾನೇ ಏಳಲು ಇದು ಬೇಕು. ಪೂಲ್ (ಒಂದಾಗಿ ಜೋಡಿಸಿದ ಡಿಸ್ಕುಗಳ ಗುಂಪು) ಖಾಲಿ ಇರುವಾಗಲೇ ಸರ್ವರನ್ನು ಸರಿಯಾಗಿ ಮುಚ್ಚಿ, ಪ್ಲಗ್ ಕಿತ್ತು, ಅರ್ಧ ಗಂಟೆ ಬಿಟ್ಟು ಚುಚ್ಚಿ. ಬಟನ್ ಒತ್ತದೆ ತಾನೇ ಏಳಬೇಕು, ಆರೂ ಡಿಸ್ಕ್ ಕಾಣಬೇಕು, ಬಯಾಸ್‌ನ ಗಡಿಯಾರ ಸರಿಯಿರಬೇಕು. ಗಡಿಯಾರ ಹಳೆಯ ತಾರೀಖಿಗೆ ಹೋಗಿದ್ದರೆ ಬೋರ್ಡಿನ ಕಾಯಿನ್ ಬ್ಯಾಟರಿ ಮುಗಿದಿದೆ. ಹೊಸದು ಹಾಕಿ, ಬಯಾಸ್ ಆಯ್ಕೆಗಳನ್ನು ಮತ್ತೆ ಹೊಂದಿಸಿ, ಪ್ಲಗ್ ಇನ್ನೊಮ್ಮೆ ಕೀಳಿ.