ಒಂಬತ್ತು ಕಾಲಿನ ಸ್ವಿಚ್ ಕಂಡ ಮಾತ್ರಕ್ಕೆ ಟ್ರೂ ಬೈಪಾಸ್ ಅಂತ ನಂಬಬೇಡಿ

"ಟ್ರೂ ಬೈಪಾಸ್ ಮಾಡ್ ಆಗಿದೆ" ಎಂದು ಹೆಚ್ಚಿಗೆ ದುಡ್ಡು ಕೇಳುವವರಿಂದ ಹಳೆಯ ವಾ ಪೆಡಲ್ (ಕಾಲಲ್ಲಿ ತುಳಿದು ಗಿಟಾರ್ ನಾದ ಬದಲಿಸುವ ಡಬ್ಬಿ) ಕೊಳ್ಳುತ್ತಿದ್ದೀರಾ? ಟ್ರೂ ಬೈಪಾಸ್ ಎಂದರೆ ಪೆಡಲ್ ಆಫ್ ಇದ್ದಾಗ ಗಿಟಾರ್ ಸಿಗ್ನಲ್ ಒಳಗಿನ ಸರ್ಕ್ಯೂಟನ್ನು ಮುಟ್ಟದೆ ನೇರ ಆಚೆ ಹೋಗುವುದು; ಅದಕ್ಕಾಗಿ ವೈರಿಂಗ್ ಬದಲಿಸುವುದೇ ಮಾಡ್. ದುಡ್ಡು ಕೊಡುವ ಮೊದಲು ತಳದ ತಗಡು ಬಿಚ್ಚಿಸಿ ನೋಡಿ. ಹೆಚ್ಚಿನವಕ್ಕೆ ನಾಲ್ಕೇ ಸ್ಕ್ರೂ. ಬಿಚ್ಚಲು ಒಪ್ಪದಿದ್ದರೆ ಎದ್ದು ಬನ್ನಿ.

ನನಗೆ ಮಾರಿದ ಪೆಡಲ್‌ನಲ್ಲಿ ಸ್ವಿಚ್ ಹೊಸದೇ. 3ಪಿಡಿಟಿ (ಒಂದೇ ಒತ್ತಿಗೆ ಮೂರು ದಾರಿ ಬದಲಿಸುವಂಥದ್ದು), ಒಂಬತ್ತು ಕಾಲು, ಪಕ್ಕದಲ್ಲೊಂದು ನೀಲಿ ಎಲ್‌ಇಡಿ. ಆದರೆ ಬೈಪಾಸ್‌ನಲ್ಲಿಟ್ಟರೆ ಗಿಟಾರ್ ನಾದದ ಮೇಲಿನ ಹೊಳಪೇ ಮಾಯ. ಅದೇ ಕೇಬಲ್ ನೇರ ಆಂಪ್‌ಗೆ ಚುಚ್ಚಿದರೆ ಹೊಳಪು ವಾಪಸ್. ತಳ ಬಿಚ್ಚಿದಾಗ ಕಂಡಿದ್ದು ಇದು: ಒಂದು ಸಾಲಿನ ಮೂರು ಕಾಲಿಗೆ ವೈರೇ ಇಲ್ಲ. ಸೋಲ್ಡರ್ ಒಂದು ಸಲವೂ ಮುಟ್ಟಿಲ್ಲ, ಕಾರ್ಖಾನೆಯಿಂದ ಬಂದ ಮಿರುಗು ಹಾಗೇ ಇದೆ. ಇನ್‌ಪುಟ್ ಜ್ಯಾಕಿನ ವೈರ್ ಸ್ವಿಚ್ಚಿಗೆ ಬಾರದೆ ನೇರ ಬೋರ್ಡಿಗೆ ಹೋಗಿದೆ, ಅಲ್ಲಿಂದ ಒಂದು ಕವಲು ಮಾತ್ರ ಸ್ವಿಚ್ಚಿಗೆ. 60ರ ದಶಕದ ವಾ ಪೆಡಲ್‌ಗಳಲ್ಲಿದ್ದ ಅದೇ ಎಸ್‌ಪಿಡಿಟಿ (ಒಂದೇ ದಾರಿ ಬದಲಿಸುವ) ವೈರಿಂಗ್! ಮೂರು ಕಾಲು ಆ ಹಳೇ ಕೆಲಸಕ್ಕೆ, ಮೂರು ಎಲ್‌ಇಡಿಗೆ, ಮೂರು ಖಾಲಿ. ಮಾಡ್ ಹೆಸರಲ್ಲಿ ದುಡ್ಡು ತೆಗೆದುಕೊಂಡಿದ್ದು ಇದಕ್ಕೆ.

ಮಾರಿದ ಆಸಾಮಿಯನ್ನು ಕೇಳಿದರೆ ಬಂದ ಮೊದಲ ಉತ್ತರ: "ಸೌಂಡ್ ಪಾಸ್ ಆಗ್ತಿದೆ ತಾನೇ ಬ್ರೋ?" ಆಮೇಲೆ: "ಮಲ್ಟಿಮೀಟರ್ ಇಟ್ಟು ನೋಡಿ, ಇನ್‌ಪುಟ್‌ನಿಂದ ಔಟ್‌ಪುಟ್‌ಗೆ ಬೀಪ್ ಬರುತ್ತೆ. ಪವರ್ ತೆಗೆದ್ರೂ ಸೌಂಡ್ ಬರುತ್ತೆ. ಇದಕ್ಕಿಂತ ಪ್ರೂಫ್ ಬೇಕಾ?"

ಈ ಎರಡನೇ ಉತ್ತರಕ್ಕೇ ಜನ ಬೀಳುವುದು, ಯಾಕೆಂದರೆ ಅವೆರಡೂ ನಿಜ. ಬೀಪ್ ಬಂದೇ ಬರುತ್ತದೆ, ಪವರ್ ಇಲ್ಲದೆಯೂ ಸಿಗ್ನಲ್ ಹೋಗುತ್ತದೆ. ಎಸ್‌ಪಿಡಿಟಿಯಲ್ಲೂ ಅಷ್ಟೇ ಆಗುವುದು. ಅದರಿಂದ ತಿಳಿಯುವುದು ದಾರಿಯಲ್ಲಿ ಬಫರ್ (ಸಿಗ್ನಲ್‌ಗೆ ಬಲ ಕೊಡುವ, ಪವರ್ ಬೇಕಾದ ಪುಟ್ಟ ಸರ್ಕ್ಯೂಟ್) ಇಲ್ಲ ಎಂದಷ್ಟೇ. ಬೋರ್ಡಿನ ಇನ್‌ಪುಟ್ ಇನ್ನೂ ಗಿಟಾರ್‌ಗೆ ಅಂಟಿಕೊಂಡಿದೆಯೋ ಇಲ್ಲವೋ ಅನ್ನುವುದೇ ಅಸಲಿ ಪ್ರಶ್ನೆ. ಜ್ಯಾಕಿನ ಟಿಪ್‌ನಿಂದ (ಸಿಗ್ನಲ್ ಬರುವ ತುದಿ) ಗ್ರೌಂಡಿಗೆ ಓಮ್ ಅಳೆದರೂ ಹಳೇ ಸರ್ಕ್ಯೂಟ್‌ನಲ್ಲಿ ಸಿಕ್ಕಿಬೀಳುವುದಿಲ್ಲ: 68 ಕಿಲೋಓಮ್ ರೆಸಿಸ್ಟರ್ ಜೊತೆಗಿರುವ 0.01 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಡಿಸಿಯನ್ನು ತಡೆಯುತ್ತದೆ, ಮೀಟರ್ "ಓಪನ್" ಅನ್ನುತ್ತದೆ. ಆಡಿಯೋ ಸಿಗ್ನಲ್‌ಗೆ ಮಾತ್ರ ಸುಮಾರು ನೂರು ಕಿಲೋಓಮ್‌ನ ಹೊರೆ ಬಿದ್ದೇ ಇರುತ್ತದೆ. 4 ಹೆನ್ರಿಯ ಹಂಬಕರ್ (ಗಿಟಾರ್ ತಂತಿಯ ಕಂಪನ ಹಿಡಿಯುವ ಪಿಕಪ್) 5 ಕಿಲೋಹರ್ಟ್ಸ್‌ನಲ್ಲಿ ತಾನೇ ಸುಮಾರು 125 ಕಿಲೋಓಮ್ ತೋರಿಸುತ್ತದೆ; ಮುಂದೆ 1 ಮೆಗಾಓಮ್ ಆಂಪ್ ಇರಬೇಕಾದ ಕಡೆ ನೂರು ಕಿಲೋಓಮ್ ಕೂತರೆ ಟ್ರೆಬಲ್ ಉಳಿಯುವುದು ಹೇಗೆ?

ಸರಿಯಾದ ಪರೀಕ್ಷೆ ಒಂದೇ. ಸ್ವಿಚ್ ಬೈಪಾಸ್‌ನಲ್ಲಿರಲಿ, ತಳ ತೆಗೆದು ಮೀಟರಿನ ಒಂದು ಮೊನೆ ಇನ್‌ಪುಟ್ ಜ್ಯಾಕಿನ ಟಿಪ್‌ಗೆ, ಇನ್ನೊಂದು ಬೋರ್ಡಿನ ಇನ್‌ಪುಟ್ ವೈರಿಗೆ ಇಡಿ. ಬೀಪ್ ಬರಬಾರದು. ಬಂತೋ, ಮೋಸ.

ವೈರಿಂಗ್ ಇರಬೇಕಾದ್ದು ಹೀಗೆ. ಪ್ರತಿ ಪೋಲ್‌ಗೆ (ಸ್ವಿಚ್ಚಿನ ಒಂದು ದಾರಿಗೆ) ಮೂರು ಕಾಲು, ನಡುವಿನದು ಕಾಮನ್. ಮೊದಲ ಪೋಲ್‌ನ ನಡುವಿಗೆ ಇನ್‌ಪುಟ್ ಜ್ಯಾಕ್, ಎರಡನೆಯದರ ನಡುವಿಗೆ ಔಟ್‌ಪುಟ್ ಜ್ಯಾಕ್. ಒಂದು ತುದಿಯಲ್ಲಿ ಬೋರ್ಡಿನ ಇನ್‌ಪುಟ್, ಔಟ್‌ಪುಟ್. ಇನ್ನೊಂದು ತುದಿಯ ಎರಡು ಕಾಲನ್ನು ಒಂದಕ್ಕೊಂದು ಜಂಪರ್ ಮಾಡಬೇಕು. ಮೂರನೇ ಪೋಲ್ ಎಲ್‌ಇಡಿಗೆ, 9 ವೋಲ್ಟ್‌ಗೆ 4.7 ಕಿಲೋಓಮ್ ರೆಸಿಸ್ಟರ್ ಹಾಕಿ. ಕಾಲಿಗೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಕಾವು ಕೊಡಬೇಡಿ. ಒಳಗಿನ ಪ್ಲಾಸ್ಟಿಕ್ ಕರಗಿ ಕಾಂಟ್ಯಾಕ್ಟ್ ಓರೆಯಾದರೆ ಸೌಂಡ್ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ.

ಒತ್ತಿದಾಗೆಲ್ಲ ಸ್ಪೀಕರ್‌ನಲ್ಲಿ "ಟಪ್" ಅನ್ನುವುದಕ್ಕೂ ಆಸಾಮಿಯ ಬಳಿ ಉತ್ತರ ರೆಡಿ: "ಟ್ರೂ ಬೈಪಾಸ್ ಅಂದ್ಮೇಲೆ ಪಾಪ್ ಕಾಮನ್." ಸುಳ್ಳು. ಪ್ಲಗ್ ಮಾಡಿದ ಮೇಲೆ ಮೊದಲ ಸಲ ಒತ್ತಿದಾಗ ಬಂದರೆ ಇರಲಿ. ಪ್ರತಿ ಸಲವೂ ಬಂದರೆ ಪುಲ್‌ಡೌನ್ ರೆಸಿಸ್ಟರ್ (ನಿಂತ ವೋಲ್ಟೇಜನ್ನು ಗ್ರೌಂಡಿಗೆ ಇಳಿಸುವಂಥದ್ದು) ಹಾಕಿಲ್ಲ, ಇಲ್ಲವೇ ಕೆಪ್ಯಾಸಿಟರ್ ಲೀಕ್ ಆಗುತ್ತಿದೆ. ಬೈಪಾಸ್‌ನಲ್ಲಿ ಔಟ್‌ಪುಟ್ ಕೆಪ್ಯಾಸಿಟರ್‌ನ ಹೊರ ತುದಿಗೆ ಯಾವ ಆಸರೆಯೂ ಇರುವುದಿಲ್ಲ, ನಿಧಾನಕ್ಕೆ ವೋಲ್ಟೇಜ್ ಏರುತ್ತದೆ, ಒತ್ತಿದ ಕೂಡಲೇ ಅದು ಆಂಪ್‌ಗೆ ಸುರಿಯುತ್ತದೆ. ಬೋರ್ಡಿನ ಇನ್‌ಪುಟ್, ಔಟ್‌ಪುಟ್ ಎರಡರಿಂದಲೂ ಗ್ರೌಂಡಿಗೆ 1 ಮೆಗಾಓಮ್‌ನ ತಲಾ ಒಂದು ರೆಸಿಸ್ಟರ್. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಮಾಲು, ಅದನ್ನೂ ಹಾಕಿಲ್ಲ!

ಕೊನೆಗೆ "ಟ್ರೂ ಬೈಪಾಸ್ ಬೇಡ ಅಂದ್ರೆ ಬಾಸ್ ಪೆಡಲ್ ತಗೋಬೇಕಿತ್ತು" ಎಂಬ ಕೊಂಕು. ಬಾಸ್ (Boss) ಕಂಪನಿ 1977ರಿಂದ ಎಫ್‌ಇಟಿ (ಒಂದು ಬಗೆಯ ಟ್ರಾನ್ಸಿಸ್ಟರ್) ಸ್ವಿಚಿಂಗ್, ಬಫರ್ ಇಟ್ಟುಕೊಂಡೇ ಪೆಡಲ್ ಮಾಡುತ್ತಿದೆ, ಅದರಲ್ಲಿ ನಾಚುವಂಥದ್ದೇನೂ ಇಲ್ಲ. ಪವರ್ ಹೋದರೆ ಸೌಂಡ್ ಹೋಗುತ್ತದೆ, ನಿಜ. ಆದರೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್‌ನಂತೆ 10 ಮೀಟರ್ ಕೇಬಲ್ ಎಂದರೆ 1000 ಪಿಕೋಫ್ಯಾರಡ್; ಟ್ರೂ ಬೈಪಾಸ್ ಪೆಡಲ್ ಎಷ್ಟು ಜೋಡಿಸಿದರೂ ಅದರಿಂದಾಗುವ ಟ್ರೆಬಲ್ ನಷ್ಟ ತಪ್ಪುವುದಿಲ್ಲ, ಸಾಲಿನ ಮೊದಲಿಗೆ ಒಂದು ಒಳ್ಳೆಯ ಬಫರ್ ತಪ್ಪಿಸುತ್ತದೆ. ಜರ್ಮೇನಿಯಂ ಫಜ್ (ನಾದವನ್ನು ಒರಟಾಗಿಸುವ ಪೆಡಲ್) ಇದ್ದರೆ ಅದನ್ನು ಮಾತ್ರ ಬಫರ್‌ಗಿಂತ ಮೊದಲು, ಗಿಟಾರ್ ಕಡೆಗೆ ಇಡಿ.

ರೀಫಂಡ್ ಕೇಳಿದ್ದಕ್ಕೆ "ಮಾಡೆಡ್ ಐಟಂ ರಿಟರ್ನ್ ಇಲ್ಲ" ಎಂದು ಬ್ಲಾಕ್. ಆನ್‌ಲೈನ್‌ನಲ್ಲಿ ಕೊಳ್ಳುವವರು ಹೊರಗಿನ ಫೋಟೋ, ಎಲ್‌ಇಡಿ ಹತ್ತುವ ವಿಡಿಯೋ ಯಾವುದನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಸ್ವಿಚ್ಚಿನ ಒಂಬತ್ತು ಕಾಲೂ, ಇನ್‌ಪುಟ್ ಜ್ಯಾಕಿನ ವೈರ್ ಎಲ್ಲಿಗೆ ಹೋಗಿದೆ ಅನ್ನುವುದೂ ಒಂದೇ ಫೋಟೋದಲ್ಲಿ ಕಾಣಬೇಕು ಅಂತ ಕೇಳಿ. ಅದು ಬರುವವರೆಗೆ ಅಡ್ವಾನ್ಸ್ ಕೂಡ ಕಳಿಸಬೇಡಿ.