ಯುಎನ್ ಡಿಜಿಟಲ್ ಲೈಬ್ರರಿ: ಪಾಲಿಟಿಕ್ಸ್ ಕ್ಲಾಸಲ್ಲಿ ಕೆಲವು ವರ್ಷ ಬಳಸಿದ ಮೇಲೆ

ಗೋವಾದಲ್ಲಿ ಬಿಎ ಹುಡುಗ್ರಿಗೆ ಪೊಲಿಟಿಕಲ್ ಸೈನ್ಸ್ ಹೇಳ್ಕೊಡ್ತೀನಿ, ಊರು ಗದಗ ಕಡೆ. ಕೋವಿಡ್ ಟೈಮಲ್ಲಿ ಆನ್‌ಲೈನ್ ಕ್ಲಾಸು ಅಂತ ಏನೇನೋ ಗಂಟು ಬಿದ್ವು, ಅದರಲ್ಲಿ ಈಗ್ಲೂ ನಾನು ಬಿಡದೆ ಬಳಸ್ತಿರೋದು ಇದೊಂದೇ, ಅದೂ ಆ್ಯಪ್ ಅಲ್ಲ, ವಿಶ್ವಸಂಸ್ಥೆ ಲೈಬ್ರರಿಯ ವೆಬ್‌ಸೈಟು. ದುಡ್ಡಿಲ್ಲ, ಲಾಗಿನ್ ಕಾಟ ಇಲ್ಲ. ದುಡ್ಡು ಕೊಟ್ಟು ತಗೊಂಡಿದ್ದ ಒಂದು ಕ್ವಿಜ್ ಆ್ಯಪೂ ಇತ್ತು, ಹೆಸರು ಬೇಡ ಬಿಡಿ. ಮ್ಯೂಸಿಕ್ಕು, ಲೀಡರ್‌ಬೋರ್ಡು ಎಲ್ಲಾ ಜೋರು, ಹುಡುಗ್ರು ಖುಷಿಯಾಗಿ ಬಟನ್ ಒತ್ತೋರು, ಮಾರನೇ ದಿನ ಕೇಳಿದ್ರೆ ಯಾರು ಫಸ್ಟ್ ಬಂದ್ರು ಅನ್ನೋದು ನೆನಪಿರೋದು, ಪ್ರಶ್ನೆ ಏನಿತ್ತು ಅನ್ನೋದು ಊಹೂಂ. ಲೈಸೆನ್ಸ್ ಮುಗಿದಾಗ ರಿನ್ಯೂ ಮಾಡ್ಸಿ ಅಂತ ಯಾರೂ ಕೇಳಲಿಲ್ಲ.

ಈ ಲೈಬ್ರರಿ ಸೈಟಲ್ಲಿ ನಾನು ಜಾಸ್ತಿ ತೆಗೆಯೋದು ವೋಟಿಂಗ್ ಡೇಟಾ ಅನ್ನೋ ಭಾಗ. ಜನರಲ್ ಅಸೆಂಬ್ಲಿ, ಸೆಕ್ಯುರಿಟಿ ಕೌನ್ಸಿಲ್ ಪಾಸ್ ಮಾಡಿದ ನಿರ್ಣಯಗಳು 1946ರಿಂದ ಸಿಗ್ತವೆ, ಹೆಸರು ಹಿಡಿದು ವೋಟು ದಾಖಲಾಗಿದ್ರೆ ಒಂದೊಂದು ದೇಶದ ಮುಂದೆ ವೈ (ಪರ), ಎನ್ (ವಿರುದ್ಧ) ಅಥವಾ ಎ (ತಟಸ್ಥ) ಅಂತ ಇರುತ್ತೆ, ವೋಟೇ ಹಾಕಿಲ್ಲ ಅಂದ್ರೆ ಖಾಲಿ. ಈ ಖಾಲಿ ಜಾಗ ಇಟ್ಕೊಂಡೇ ಒಂದು ಪಿರಿಯಡ್ ಪೂರ್ತಿ ಮಾಡಬಹುದು. 2022ರ ಮಾರ್ಚ್ 2ರ ಉಕ್ರೇನ್ ನಿರ್ಣಯ ತೆಗೆದ್ರೆ 141 ಪರ, 5 ವಿರುದ್ಧ, 35 ತಟಸ್ಥ. ಕೂಡಿಸ್ರಪ್ಪಾ ಅಂತೀನಿ, 181 ಬರುತ್ತೆ. ಸದಸ್ಯ ದೇಶಗಳು 193, ಉಳಿದ 12 ಎಲ್ಲಿ ಹೋದ್ವು? ಆವಾಗ ಲಿಸ್ಟಲ್ಲಿ ಬೆರಳಿಟ್ಟು ಹುಡುಕ್ತಾರೆ. ವೆನೆಜುವೆಲಾ ಚಂದಾ ಬಾಕಿ ಉಳಿಸ್ಕೊಂಡು ವಿಶ್ವಸಂಸ್ಥೆ ಚಾರ್ಟರಿನ 19ನೇ ವಿಧಿ ಪ್ರಕಾರ ವೋಟಿನ ಹಕ್ಕನ್ನೇ ಕಳ್ಕೊಂಡಿತ್ತು, ಮೊರಾಕ್ಕೊ ಬೇಕಂತಲೇ ವೋಟಿಂದ ದೂರ ಉಳೀತು, ಭಾರತ ಸಭೆಯಲ್ಲೇ ಕೂತು ತಟಸ್ಥ ಅಂತ ಬರೆಸ್ತು. ಮೂರೂ ಬೇರೆ ಬೇರೆ ಲೆಕ್ಕ. ಟೆಕ್ಸ್ಟ್‌ಬುಕ್ಕಲ್ಲಿ ಇದಕ್ಕೆ ಅರ್ಧ ಸಾಲೂ ಇರಲ್ಲ.

ಇನ್ನೊಂದು, 2023 ಅಕ್ಟೋಬರ್ 27ರ ಗಾಜಾ ನಿರ್ಣಯ. ಅವತ್ತಿನ ಸುದ್ದಿಯಲ್ಲಿ 120-14-45, ಲೈಬ್ರರಿ ರೆಕಾರ್ಡಲ್ಲಿ 121-14-44. ಹುಡುಗ್ರು ಯಾವುದೋ ಒಂದು ತಪ್ಪು ಅಂತ ಜಗಳಕ್ಕೇ ಬಿದ್ರು. ಏನಿಲ್ಲ, ಇರಾಕ್ ಮೊದಲು ತಟಸ್ಥ ಅಂತ ಬಿದ್ದಿದ್ದನ್ನ ಆಮೇಲೆ ಪರ ಅಂತ ತಿದ್ದಿಸ್ತು, ಅಷ್ಟೇ. ಭಾರತ ಅವತ್ತು ತಟಸ್ಥ, ಡಿಸೆಂಬರ್ 12ಕ್ಕೆ 153-10-23ರಲ್ಲಿ ಪಾಸಾದ ನಿರ್ಣಯಕ್ಕೆ ಪರ. ಎರಡೂ ಪಠ್ಯ ಪಕ್ಕಪಕ್ಕ ಪ್ರೊಜೆಕ್ಟರಲ್ಲಿ ಹಾಕಿ, ನಡುವೆ ಏನು ಬದಲಾಯ್ತು ಹೇಳಿ ಅಂತ ಬಿಟ್ರೆ ಸಾಕು, ನಾನು ಬಾಯಿ ತೆಗೆಯೋದೇ ಬೇಕಾಗಲ್ಲ. ಈಗಂತೂ ಅಸೈನ್‌ಮೆಂಟ್ ಎಲ್ಲಾ ಎಐ ಚಾಟ್‌ಬಾಟ್ ಬರೆಯೋ ಕಾಲ, ವೋಟಿನ ಸಂಖ್ಯೆನೂ ಅದು ಧೈರ್ಯವಾಗಿ ಬಾಯಿಗೆ ಬಂದಿದ್ದು ಹೇಳಿಬಿಡುತ್ತೆ. ಅದಕ್ಕೆ ನಮ್ಮಲ್ಲಿ ರೂಲ್ ಒಂದೇ, ಸಂಖ್ಯೆ ಬರೆದ್ರೆ ಪಕ್ಕದಲ್ಲಿ ಡಾಕ್ಯುಮೆಂಟ್ ನಂಬರ್ ಇರ್ಬೇಕು, ಇಲ್ಲಾಂದ್ರೆ ಮಾರ್ಕ್ಸ್ ಇಲ್ಲ.

ಇಲ್ಲಿ ಗೋವಾದಲ್ಲಿ ಎಲ್ಲರೂ ಕೇಳೋದು 1961, ಭಾರತದ ಸೇನೆ ಪೋರ್ಚುಗಲ್ ಕೈಯಿಂದ ಗೋವಾ ಬಿಡಿಸಿದ ವರ್ಷ. ಡಿಸೆಂಬರ್ 19 ಅಂದ್ರೆ ಲಿಬರೇಶನ್ ಡೇ ರಜೆ, ಮನೇಲಿ ಅಜ್ಜ ಅಜ್ಜಿ ಹೇಳಿದ ಕಥೆ ಇದ್ದೇ ಇರುತ್ತೆ. ವಾಸ್ಕೋದ ಬೈನಾ ಕಡೆಯಿಂದ ಬರೋ ನಮ್ಮ ಕನ್ನಡದ ಹುಡುಗನೊಬ್ಬ ವೋಟಿಂಗ್ ಡೇಟಾದಲ್ಲಿ ಹುಡುಕಿ ಹುಡುಕಿ, "ಸರ್, ಇದ್ರಾಗ ಗೋವಾನೇ ಇಲ್ಲಲ್ರೀ" ಅಂದ. ಅವನು ಹೇಳಿದ್ದು ಸರಿನೇ. ಇದನ್ನ ಹೊಸದಾಗಿ ಬಳಸೋರು ಮೊದಲು ತಿಳ್ಕೋಬೇಕಾದ ಮಿತಿ ಇದು: ಆ ಭಾಗದಲ್ಲಿರೋದು ಪಾಸಾದ ನಿರ್ಣಯ ಮಾತ್ರ, ವೀಟೋ ಬಿದ್ದ, ಅಂದ್ರೆ ಕೌನ್ಸಿಲ್‌ನ ಐದು ಕಾಯಂ ಸದಸ್ಯರಲ್ಲಿ ಒಬ್ಬರು ವಿರುದ್ಧ ಹಾಕಿ ತಡೆದ ಕರಡು ಅಲ್ಲಿ ಇರಲ್ಲ. ಅದಕ್ಕೆ ಸೆಕ್ಯುರಿಟಿ ಕೌನ್ಸಿಲ್ ಸಭೆಯ ನಡಾವಳಿಗೆ ಹೋಗ್ಬೇಕು, ಡಾಕ್ಯುಮೆಂಟ್ ನಂಬರ್ ಎಸ್/ಪಿವಿ.988, 1961ರ ಡಿಸೆಂಬರ್ 18. ಅಮೆರಿಕ, ಬ್ರಿಟನ್, ಫ್ರಾನ್ಸ್, ಟರ್ಕಿ ಸೇರಿ ತಂದ ಕದನವಿರಾಮದ ಕರಡಿಗೆ 7 ಪರ, 4 ವಿರುದ್ಧ. ವಿರುದ್ಧ ಹಾಕಿದ್ದು ಸೋವಿಯತ್ ಒಕ್ಕೂಟ, ಸಿಲೋನ್ (ಈಗಿನ ಶ್ರೀಲಂಕಾ), ಲೈಬೀರಿಯಾ, ಸಂಯುಕ್ತ ಅರಬ್ ಗಣರಾಜ್ಯ (ಈಗಿನ ಈಜಿಪ್ಟ್). ಆವಾಗ ಕೌನ್ಸಿಲ್‌ನಲ್ಲಿ 11 ದೇಶ, ಪಾಸಾಗೋಕೆ 7 ಸಾಕು, ಅಂದ್ರೆ ಲೆಕ್ಕದ ಪ್ರಕಾರ ಪಾಸೇ, ಸೋವಿಯತ್ ವೀಟೋ ಒಂದೇ ತಡೆದಿದ್ದು. ಭಾರತದ ಮೇಲೆ ಪೋರ್ಚುಗಲ್ ಕೊಟ್ಟ ದೂರನ್ನ ತಳ್ಳಿಹಾಕ್ಬೇಕು ಅಂತ ಸಿಲೋನ್ ಮತ್ತೆ ಜೊತೆಗಾರರು ತಂದ ಇನ್ನೊಂದು ಕರಡೂ 4-7ರಲ್ಲಿ ಬಿದ್ದುಹೋಯ್ತು, ಇದನ್ನ ಜನ ಹೇಳೋದೇ ಕಮ್ಮಿ. ವೀಟೋ ಅಂದ್ರೆ ದೊಡ್ಡ ದೇಶಗಳ ದಬ್ಬಾಳಿಕೆ ಅಂತ ಹಿಂದಿನ ವಾರ ಪ್ರಬಂಧ ಬರೆದಿದ್ದ ಅದೇ ಕ್ಲಾಸು, ಇಲ್ಲಿ ವೀಟೋ ಭಾರತದ ಪರ ಬಿದ್ದಿದ್ದು ನೋಡಿ ಸ್ವಲ್ಪ ತಡವರಿಸುತ್ತೆ, ಆ ತಡವರಿಕೆಗೋಸ್ಕರನೇ ನಾನು ಈ ಪಾಠ ಪ್ರತಿ ಬ್ಯಾಚಿಗೂ ಇಡೋದು.

ಸಾಲದ್ದು ಏನಂದ್ರೆ, ಜನರಲ್ ಅಸೆಂಬ್ಲಿಯ ಎಷ್ಟೋ ನಿರ್ಣಯ ವೋಟಿಲ್ಲದೆ ಒಮ್ಮತದಲ್ಲಿ ಪಾಸಾಗ್ತವೆ, ಅಲ್ಲಿ ತೆರೆಮರೆಯ ಚೌಕಾಸಿ ಏನಾಯ್ತು ಅನ್ನೋದು ಈ ಪಟ್ಟಿಯಿಂದ ಗೊತ್ತಾಗಲ್ಲ. ವೋಟು ನೋಡಿದ ಮಾತ್ರಕ್ಕೆ ವಿದೇಶಾಂಗ ನೀತಿ ಪೂರ್ತಿ ಅರ್ಥ ಆಯ್ತು ಅಂದ್ಕೊಳ್ಳೋ ಹುಡುಗ್ರೂ ಇದ್ದಾರೆ, ಅವರಿಗೆ ನಡಾವಳಿಯಲ್ಲಿ ಭಾರತದ ಪ್ರತಿನಿಧಿ ಕೊಟ್ಟ ವಿವರಣೆ ಓದಿಸ್ಲೇಬೇಕು. ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು ಆರೇ, ನಮ್ಮವು ಯಾವೂ ಇಲ್ಲ, ಇಂಗ್ಲಿಷ್ ಕಷ್ಟ ಅನ್ನೋ ಹುಡುಗ್ರಿಗೆ ಮೊದಲ ಎರಡು ಪುಟ ಜೊತೆಗೆ ಕೂತು ಓದಿಸಬೇಕಾಗುತ್ತೆ. 193 ಹೆಸರಿನ ಪಟ್ಟಿ ಮೊಬೈಲಲ್ಲಿ ಓದೋಕೆ ಕಣ್ಣಿಗೆ ಹಿಂಸೆ, ಸ್ಪ್ರೆಡ್‌ಶೀಟಿಗೆ ಇಳಿಸ್ಕೊಂಡು ಬಣ್ಣ ಹಾಕಿಸಿ. ಮಹದಾಯಿ ಬಗ್ಗೆನೂ ಹೀಗೇ ಮೂಲ ದಾಖಲೆ ಇಟ್ಕೊಂಡು ಕ್ಲಾಸ್ ಮಾಡಿ ಸರ್ ಅಂತ ಕೇಳ್ತಾರೆ, ಅದಕ್ಕೆ 2018ರ ನ್ಯಾಯಮಂಡಳಿ ತೀರ್ಪು ಬೇರೆ ಕಡೆ ಹುಡುಕ್ಬೇಕು, ಮೇಲಾಗಿ ಗದಗದವನು ಗೋವಾದಲ್ಲಿ ನಿಂತು ಆ ಪಾಠ ಮಾಡೋದು ಏನು ಅಂತ ನಿಮಗೇ ಗೊತ್ತು.

5ಕ್ಕೆ 4 ಕೊಡ್ತೀನಿ. ಶುರು ಮಾಡೋರು ಸರ್ಚ್ ಬಾಕ್ಸಲ್ಲಿ ದೊಡ್ಡ ದೊಡ್ಡ ವಿಷಯ ಹಾಕ್ಬೇಡಿ, ನಿರ್ಣಯದ ನಂಬರ್ ಮೊದಲೇ ಗೊತ್ತಿದ್ರೆ ಅದನ್ನೇ ಹಾಕಿ, ಕ್ಲಾಸಿಗೆ ಬರೋಕೆ ಮುಂಚೆ ಪಿಡಿಎಫ್ ಇಳಿಸ್ಕೊಳ್ಳಿ, ಮಳೆಗಾಲದಲ್ಲಿ ಇಲ್ಲಿ ಕರೆಂಟು ನೆಟ್ಟು ಎರಡೂ ನಂಬೋ ಹಾಗಿಲ್ಲ.