ಹಳೆ ಲೇತ್‌ನ ತುಕ್ಕು: ಡೀಸೆಲ್ಲಾ, ಸಿಟ್ರಿಕ್ ಆಸಿಡ್ಡಾ, ಬ್ಯಾಟರಿ ಚಾರ್ಜರಾ?

ಲೋಹ ಕಡೆಯುವ ಯಂತ್ರವಾದ ಲೇತ್‌ನ ತುಕ್ಕು ತೆಗೆಯೋಕೆ ಡೀಸೆಲ್ ಹಾಕಿ ಉಜ್ಜೋದಾ, ಸಿಟ್ರಿಕ್ ಆಸಿಡ್‌ನಲ್ಲಿ ನೆನೆಸೋದಾ, ಬ್ಯಾಟರಿ ಚಾರ್ಜರ್ ಹಚ್ಚಿ ಎಲೆಕ್ಟ್ರಾಲಿಸಿಸ್ (ನೀರಲ್ಲಿ ಕರೆಂಟ್ ಹರಿಸಿ ತುಕ್ಕು ಬಿಡಿಸೋದು) ಮಾಡೋದಾ ಅಂತ ಕೇಳಿದ್ದೀರಿ. ಯಾವ ಭಾಗ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ.

ಬೆಡ್‌ಗೆ, ಅಂದರೆ ಲೇತ್‌ನ ಉದ್ದನೆಯ ತಳಭಾಗಕ್ಕೆ, ಡೀಸೆಲ್ಲೇ ಸರಿ. ಅಷ್ಟು ಭಾರದ ಎರಕವನ್ನು ಮುಳುಗಿಸೋಕೆ ಮನೆಯಲ್ಲಿ ತೊಟ್ಟಿ ಎಲ್ಲಿರುತ್ತದೆ? ಡೀಸೆಲ್ ಸವರಿ ಒಂದು ರಾತ್ರಿ ಬಿಡಿ. ಬ್ಲೇಡನ್ನು ಆದಷ್ಟು ಮಲಗಿಸಿ ಹಿಡಿದು ಮೆಲ್ಲಗೆ ಕೆರೆಯಿರಿ. ಕಂದು ರಾಡಿ ಎದ್ದು ಬಂದು ಕೆಳಗೆ ಬೂದು ಕಬ್ಬಿಣ ಕಾಣುತ್ತದೆ. ಸ್ಯಾಂಡ್‌ಪೇಪರ್ ಮಾತ್ರ ಬೇಡವೇ ಬೇಡ. ಅದರ ಪುಡಿ ಬೆಡ್ ಮೇಲೆ ಜಾರುವ ಸ್ಯಾಡಲ್ ಕೆಳಗೆ ಸೇರಿದರೆ ಬೆಡ್ ಸವೆಯುತ್ತದೆ. ಖರ್ಚು ಕಡಿಮೆ, ಕೈ ನೋವು ಜಾಸ್ತಿ.

ಬೋಲ್ಟು, ನಟ್ಟು, ಹ್ಯಾಂಡಲ್‌ಗಳಿಗೆ ಸಿಟ್ರಿಕ್ ಆಸಿಡ್ ಸುಲಭ. ಒಂದು ಬಕೆಟ್ ಸಾಕು, ತೂತುಗಳ ಒಳಗೂ ಹೋಗುತ್ತದೆ. ಆದರೆ ಹಾಕಿ ಮರೆತರೆ ಒಳ್ಳೆ ಲೋಹವನ್ನೂ ತಿನ್ನುತ್ತದೆ. ಆಗಾಗ ತೆಗೆದು ನೋಡುತ್ತಿರಬೇಕು.

ಚೇಂಜ್ ಗಿಯರ್‌ನಂಥ (ಬದಲಿಸಿ ಹಾಕುವ ಹಲ್ಲುಚಕ್ರ), ಅಳತೆ ಕೆಡಬಾರದ ಭಾಗಗಳಿಗೆ ಎಲೆಕ್ಟ್ರಾಲಿಸಿಸ್ ವಾಸಿ, ಅದು ಒಳ್ಳೆ ಲೋಹವನ್ನು ಮುಟ್ಟುವುದಿಲ್ಲ. ನೀರಿಗೆ ವಾಷಿಂಗ್ ಸೋಡಾ ಹಾಕಿ. ಚಾರ್ಜರಿನ ಮೈನಸ್ ವೈರು ನಿಮ್ಮ ಭಾಗಕ್ಕೆ, ಪ್ಲಸ್ ವೈರು ಸಾದಾ ಕಬ್ಬಿಣದ ತುಂಡಿಗೆ. ಆ ತುಂಡು ಸ್ಟೇನ್‌ಲೆಸ್ ಆಗಿರಲೇಬಾರದು, ನೀರಿಗೆ ವಿಷಕಾರಿ ಕ್ರೋಮಿಯಂ ಬಿಡುತ್ತದೆ. ಹೈಡ್ರೋಜನ್ ಏಳುತ್ತದೆ, ಹಾಗಾಗಿ ಗಾಳಿಯಾಡುವ ಜಾಗದಲ್ಲೇ ಮಾಡಿ, ಹತ್ತಿರ ಬೆಂಕಿ ಇರಬಾರದು. ಆಳದ ತೂತುಗಳಿಗೆ ಇದು ಅಷ್ಟಾಗಿ ತಲುಪುವುದಿಲ್ಲ.

ಕೊನೆಯ ಎರಡರಲ್ಲೂ ತೊಳೆದ ತಕ್ಷಣ ಒಣಗಿಸಿ ಎಣ್ಣೆ ಹಚ್ಚಿ. ಸುಮ್ನೆ ಬಿಟ್ಟರೆ ನೋಡನೋಡುತ್ತಲೇ ಮತ್ತೆ ತುಕ್ಕು ಹಿಡಿಯುತ್ತದೆ.